ಡಿಪೋದ ಕಂಪ್ಯೂಟರು ಏಳಲು ತಡಮಾಡಿದ ದಿನಗಳು

ಕಳೆದ ರಜೆಯಲ್ಲಿ ನೀವಿಬ್ಬರೂ ನನ್ನ ಜೊತೆ ಹಾಲಿನ ಡಿಪೋಗೆ ಬಂದಿದ್ದಿರಿ. ಸಂಜೆಯ ಹಾಲು ಅಳೆದು ಮುಗಿದ ಮೇಲೆ ನಾನು ಕಂಪ್ಯೂಟರು ಬಂದ್ ಮಾಡುವ ಗುಂಡಿ ಒತ್ತಿ, ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು, ಪರದೆ ಪೂರ್ತಿ ಕಪ್ಪಾಗುವ ತನಕ ಅದನ್ನೇ ನೋಡುತ್ತಾ ಕೂತಿದ್ದೆ. ದೊಡ್ಡವಳು ನಗಾಡಿದಳು.

"ಅಜ್ಜಿ, ಅದೆಂತ ಮಗುವಾ, ನಿದ್ದೆ ಬರುವ ತನಕ ಕಾದು ಕೂತ್ಕೊಳ್ಳಿಕ್ಕೆ?"

ಸಣ್ಣವನು ಅದನ್ನೇ ಹಿಡಿದುಕೊಂಡು ಮನೆ ಮುಟ್ಟುವ ತನಕ ಜೋಗುಳ ಹಾಡಿದ. ನಾನೂ ನಕ್ಕೆ. ಯಾಕೆ ಹಾಗೆ ಕೂರುತ್ತೇನೆ ಎಂದು ಹೇಳಲಿಲ್ಲ. ಎದುರಿಗೆ ಜನ ಇದ್ದರೆ, ಅದು ನೀವೇ ಆದರೂ, ನನಗೆ ಮಾತು ಹೊರಡುವುದಿಲ್ಲ. ಏಳನೇ ಕ್ಲಾಸಿನವರೆಗೆ ಕಲಿತ ಶಾಲೆಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿದರೆ ಗೊತ್ತಿದ್ದ ಉತ್ತರವೂ ಮರೆತುಹೋಗುತ್ತಿತ್ತು. ಸ್ಲೇಟಿನಲ್ಲಿ ಬರೆ ಎಂದರೆ ಮಾತ್ರ ತಪ್ಪಿಲ್ಲದೆ ಬರೆಯುತ್ತಿದ್ದೆ. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ.

ಮೊದಲು ಸಿಡಿಲಿನ ವಿಷಯ ಹೇಳಬೇಕು. ನಿಮ್ಮ ಅಮ್ಮ ಇನ್ನೂ ಲಂಗ ಹಾಕುತ್ತಿದ್ದ ವರ್ಷ, ಏಪ್ರಿಲ್ ತಿಂಗಳ ಒಂದು ಸಂಜೆ, ನಮ್ಮ ದನದ ಹಟ್ಟಿಯ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಹಟ್ಟಿಗೆ ಎಳೆದಿದ್ದ ಬಲ್ಬಿನ ವೈರಿನಲ್ಲಿ ಅದು ಮನೆಯೊಳಗೆ ಬಂತು. ಸ್ವಿಚ್ಚಿನ ಪೆಟ್ಟಿಗೆ ಗೋಡೆಯಿಂದ ಕಿತ್ತು ಎದುರಿನ ಗೋಡೆಗೆ ಹೋಗಿ ಬಿತ್ತು. ಎರಡು ದನಗಳು ಕಟ್ಟಿದಲ್ಲೇ ಸತ್ತವು. ಒಂದರ ಬಾಯಲ್ಲಿ ಹುಲ್ಲು ಹಾಗೆಯೇ ಇತ್ತು. ನಿಮ್ಮ ಅಜ್ಜ ಆಗ ಬಾಗಿಲಲ್ಲಿ ನಿಂತಿದ್ದರು. ಅವರ ಎಡಗಿವಿ ಅವತ್ತಿನಿಂದ ಕೇಳಲಿಲ್ಲ.

ಆಮೇಲೆ ಅವರು ಬದುಕಿದ್ದಷ್ಟು ವರ್ಷವೂ ನಮ್ಮ ಮನೆಯಲ್ಲಿ ಒಂದೇ ಕ್ರಮ. ಮೂಡಣದಲ್ಲಿ ಮೋಡ ಕಪ್ಪಾದರೆ ಸಾಕು, ಟಿವಿ, ಫ್ರಿಜ್ಜು, ಪಂಪಿನ ಸ್ಟಾರ್ಟರು, ಎಲ್ಲದರ ಪ್ಲಗ್ ಕಿತ್ತು ನೆಲದಲ್ಲಿರಬೇಕು. ಸ್ವಿಚ್ ಆರಿಸಿದರೆ ಸಾಲದು, ಕೀಳಬೇಕು. ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಬೇರೆಯವರು ಗುಡುಗು ಹತ್ತಿರ ಬಂದ ಮೇಲೆ ಮಾಡುತ್ತಾರೆ. ನಾವು ಮೊದಲ ಸದ್ದಿಗೇ ಮಾಡುತ್ತಿದ್ದೆವು. ಒಂದು ಕಿವಿಯಲ್ಲಿ ಕೇಳುವ ಅವರಿಗೆ ಗುಡುಗು ನನಗಿಂತ ಮೊದಲೇ ಕೇಳುತ್ತಿತ್ತು. "ಪ್ಲಗ್, ಪ್ಲಗ್" ಎಂದು ಜಗಲಿಯಿಂದ ಕೂಗುತ್ತಿದ್ದರು. ಅವರು ಹೋದ ಮೇಲೆ ಕೂಗುವವರಿಲ್ಲ. ಆದರೆ ಕೈ ಕಲಿತದ್ದನ್ನು ಬಿಡಲಿಲ್ಲ.

ಅವರು ಹೋದ ಮರುವರ್ಷ ನನಗೆ ಡಿಪೋದಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ನಿಮಗೆ ಅದೊಂದು ತಗಡಿನ ಮಾಡಿನ ಕೋಣೆ, ಅಷ್ಟೆ. ನನಗೆ ಹಾಗಲ್ಲ. ಅದರ ಬೀಗದ ಕೈ ನನ್ನ ಸೊಂಟದಲ್ಲಿ ಇರುತ್ತದೆ. ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಬಾಗಿಲು ತೆಗೆಯದಿದ್ದರೆ ಈ ಊರಿನ ಹಾಲು ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಅಮ್ಮ ಸುಳ್ಯದಲ್ಲಿರುವ ತನ್ನ ಮನೆಗೆ ಬಂದುಬಿಡು ಎನ್ನುತ್ತಾಳೆ. ಬರಬಹುದು. ಆದರೆ ಅಲ್ಲಿ ನಾನು ಒಬ್ಬರ ತಾಯಿ, ಇನ್ನೊಬ್ಬರ ಅತ್ತೆ. ಇಲ್ಲಿ ಮಾತ್ರ ನನಗೆ ನನ್ನದೇ ಒಂದು ಸ್ಟೂಲು ಉಂಟು.

ಮೊದಲೆಲ್ಲ ಹಾಲನ್ನು ಕೈಯಲ್ಲೇ ಪರೀಕ್ಷೆ ಮಾಡುತ್ತಿದ್ದೆವು. ಆಮೇಲೆ ಯಂತ್ರ ಬಂತು, ಅದಕ್ಕೊಂದು ಕಂಪ್ಯೂಟರು ಬಂತು. ಹಾಲಿನ ಒಂದು ಸಣ್ಣ ಲೋಟ ಯಂತ್ರದ ಕೆಳಗೆ ಹಿಡಿದರೆ ಫ್ಯಾಟ್ ಎಷ್ಟು ಎಂದು ಪರದೆಯಲ್ಲಿ ಬರುತ್ತದೆ, ಚೀಟಿ ತಾನಾಗಿ ಹೊರಗೆ ಬರುತ್ತದೆ. ಯಾವ ಚಿತ್ರವನ್ನು ಒತ್ತಬೇಕು, ಆಮೇಲೆ ಯಾವುದು ಎಂದು ನಾನು ಒಂದು ವಾರದಲ್ಲಿ ಕಲಿತೆ. ಇಂಗ್ಲಿಷ್ ಓದಲು ನನಗೆ ಬರುವುದಿಲ್ಲ. ಅಂಕಿ ಬರುತ್ತದೆ. ಅಷ್ಟರಲ್ಲಿ ಸುಧಾರಿಸಿಕೊಂಡೆ. ಬರುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ, ಮಾರ್ಚ್ ಕೊನೆಯಲ್ಲಿ, ಕಂಪ್ಯೂಟರು ಮಧ್ಯೆ ಮಧ್ಯೆ ಸ್ತಬ್ಧವಾಗತೊಡಗಿತು. ನಮ್ಮ ಹಾಲಿನ ಸೊಸೈಟಿಯ ಅಧ್ಯಕ್ಷರು ಪುತ್ತೂರಿನ ಒಂದು ಕಂಪ್ಯೂಟರ್ ಅಂಗಡಿಗೆ ಫೋನು ಮಾಡಿದರು. ಅಲ್ಲಿಂದ ಬಂದದ್ದು ಒಬ್ಬಳು ಹೆಂಗಸು. ಮೂವತ್ತೈದು ವರ್ಷ ಇರಬಹುದು. ಸ್ಕೂಟರಿನಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡು, ಸವಣೂರು ದಾಟಿ ಆ ಧೂಳಿನ ರಸ್ತೆಯಲ್ಲಿ ಬಂದಿದ್ದಳು. ಕಂಪ್ಯೂಟರಿನ ತಗಡು ಬಿಚ್ಚಿ, ಒಳಗಿನ ಧೂಳನ್ನು ಬ್ರಶ್ಶಿನಿಂದ ಗುಡಿಸಿ, "ಇದಕ್ಕೆ ಫಾರ್ಮ್ಯಾಟ್ ಹೊಡೆಯದೆ ಆಗುದಿಲ್ಲ ಅಕ್ಕ" ಎಂದಳು. ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದು ಎಂದು ನನಗೆ ತಿಳಿಸಿ ಹೇಳಿದಳು. ಹಾಲಿನವರ ಪಟ್ಟಿಯನ್ನು ಮೊದಲೇ ಒಂದು ಪೆನ್‌ಡ್ರೈವಿಗೆ ತೆಗೆದಿಟ್ಟಳು. ಮಧ್ಯಾಹ್ನ ಕಳೆದು ಮೂರು ಗಂಟೆಯವರೆಗೆ ಕೂತು ಎಲ್ಲ ಮುಗಿಸಿದಳು. ನಾನು ಮಜ್ಜಿಗೆ ಕೊಟ್ಟೆ. ಹೋಗುವಾಗ, "ಹೊಸದಾಗಿ ಹಾಕಿದ್ದಲ್ವಾ, ಸ್ವಲ್ಪ ದಿನ ಅದು ತನ್ನಷ್ಟಕ್ಕೆ ಏನೇನೋ ಮಾಡ್ತಾ ಇರ್ತದೆ. ಹೆದರ್ಬೇಡಿ" ಎಂದಳು.

ಹೆದರಬೇಡಿ ಎಂದರೆ ನನಗೆ ಮೊದಲು ಆಗುವುದು ಹೆದರಿಕೆಯೇ.

ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಒಂದು ವೃತ್ತ ತಿರುಗತೊಡಗಿತು. ಸಣ್ಣ ಸಣ್ಣ ಚುಕ್ಕೆಗಳ ವೃತ್ತ. ಅದರ ಕೆಳಗೆ ಒಂದು ಸಾಲು ಇಂಗ್ಲಿಷು. ಗೋಡೆಯ ಗಡಿಯಾರ ನೋಡಿದೆ. ಹನ್ನೊಂದು ನಿಮಿಷ ತಿರುಗಿತು. ಅಷ್ಟರಲ್ಲಿ ಹೊರಗೆ ಹದಿನಾಲ್ಕು ಮಂದಿ ಕ್ಯಾನು, ತಂಬಿಗೆ ಹಿಡಿದು ನಿಂತಿದ್ದರು. ಮುಂದೆ ನಿಂತದ್ದು ರಬ್ಬರ್ ತೋಟದ ಚೇಟ್ಟ. ಅವರ ತಂದೆಯ ಕಾಲದಲ್ಲಿ ಕೇರಳದಿಂದ ಕಡಬದ ಕಡೆಗೆ ಬಂದವರು. ನಾವು ಅವರಿಗೆ ಚೇಟ್ಟ, ಅವರು ನನಗೆ ಚೇಚಿ ಎನ್ನುವುದು, ಅವರ ಮಲಯಾಳದ ಅಣ್ಣ, ಅಕ್ಕ. ಇಲ್ಲಿಗೆ ಹಾಲು ಹಾಕುವವರಲ್ಲಿ ಅವರ ಬಾಯಿಯೇ ದೊಡ್ಡದು.

"ಎಂತ ಚೇಚಿ, ನಿಮ್ಮ ಕಂಪ್ಯೂಟರಿಗೆ ಇನ್ನೂ ಬೆಳಗಾಗ್ಲಿಲ್ವಾ?"

ಎಲ್ಲರೂ ನಗಾಡಿದರು. ನಾನೂ ನಗುವ ಹಾಗೆ ಮಾಡಿದೆ. ಕಣ್ಣು ಮಾತ್ರ ಗಡಿಯಾರದಲ್ಲಿತ್ತು. ಯಾಕೆಂದರೆ ಹಾಲಿನ ವ್ಯಾನು ಏಳು ಕಾಲಿಗೆ ಬರುತ್ತದೆ, ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಚೀಟಿ ಆಗದ ಹಾಲನ್ನು ದೊಡ್ಡ ಕ್ಯಾನಿಗೆ ಸುರಿಯುವ ಹಾಗಿಲ್ಲ. ಏಪ್ರಿಲಿನ ಸೆಕೆಯಲ್ಲಿ ಹಾಲು ನಮಗಾಗಿ ಕಾಯುವುದಿಲ್ಲ.

ಮರುದಿನ ಹದಿನಾಲ್ಕು ನಿಮಿಷ. ಅದರ ಮರುದಿನ ಸರಿ ಇತ್ತು. ಆಮೇಲೆ ಹದಿನೆಂಟು. ನಾನು ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ನಿಮಿಷಗಳನ್ನು ಪೆನ್ಸಿಲಿನಲ್ಲಿ ಬರೆಯತೊಡಗಿದೆ. ಪುತ್ತೂರಿನವಳಿಗೆ ಫೋನು ಮಾಡಿದೆ. ಪೆನ್‌ಡ್ರೈವ್ ಚುಚ್ಚಿಕೊಂಡೇ ಉಂಟಾ ನೋಡಿ ಎಂದಳು. ಇರಲಿಲ್ಲ. ಪ್ರಿಂಟರಿನ ವೈರು ತೆಗೆದು ಶುರುಮಾಡಿ ನೋಡಿ ಎಂದಳು. ತೆಗೆದೆ, ಅಷ್ಟೇ ಹೊತ್ತು ಹಿಡಿಯಿತು. ನಾನು ಬೇಗ ಹೋಗಿ ಬೇಗ ಶುರುಮಾಡುವುದು ಎಂದುಕೊಂಡು ಐದು ಗಂಟೆಗೇ ಬಾಗಿಲು ತೆಗೆಯತೊಡಗಿದೆ. ಒಬ್ಬಳೇ ಆ ವೃತ್ತದ ಎದುರು ಕೂರುತ್ತಿದ್ದೆ. ಒಮ್ಮೊಮ್ಮೆ ಅದು ಕಪ್ಪಾಗಿ, ಪುನಃ ತಾನಾಗಿಯೇ ಹೊತ್ತಿಕೊಂಡು, ಮತ್ತೆ ಮೊದಲಿನಿಂದ ತಿರುಗುತ್ತಿತ್ತು. ಒಂದು ದಿನ ಐದು ಗಂಟೆಗೆ ಶುರುಮಾಡಿದ್ದು ಆರು ಗಂಟೆಯಾದರೂ ಮುಗಿಯಲಿಲ್ಲ.

ಆ ದಿನವೇ ವ್ಯಾನಿನವರು ಕಾಯಲಿಲ್ಲ. ಹಳೆಯ ಕ್ರಮದಲ್ಲಿ ಕೈಯಿಂದ ಪರೀಕ್ಷೆ ಮಾಡಲು ಹೊರಟೆ, ಅರ್ಧಕ್ಕೆ ಬರುವಾಗ ವ್ಯಾನು ಹಾರ್ನ್ ಹಾಕಿ ಹೋಯಿತು. ಒಂದು ಕ್ಯಾನು ಹಾಲು ಪೂರ್ತಿ ಉಳಿಯಿತು. ಹತ್ತು ಗಂಟೆಗೆ ಮುಚ್ಚಳ ತೆಗೆದಾಗ ಒಡೆದಿತ್ತು. ಹಾಲು ಹಾಕಿದವರು ಅದನ್ನು ನೋಡಿ ಖಾಲಿ ತಂಬಿಗೆ ಎತ್ತಿಕೊಂಡು ಹೋದರು. ಚೇಟ್ಟ ಕೂಡ ಜೋಕ್ ಮಾಡಲಿಲ್ಲ. ಅವರು ಬೈದಿದ್ದರೆ ಒಳ್ಳೆಯದಿತ್ತು.

ಅಧ್ಯಕ್ಷರು ಕಾರು ತೆಗೆದುಕೊಂಡು ಬಂದರು. ಒಳ್ಳೆಯವರೇ, ಆದರೆ ಜೋರು.

"ಇದೆಂತ ಅಕ್ಕ? ಫಾರ್ಮ್ಯಾಟ್ ಹೊಡೆದ ಮೇಲೆ ಓಡಬೇಕಿತ್ತಲ್ಲ ಇದು? ಮೊದಲಿಗಿಂತ ಕಡೆ ಆಯ್ತಲ್ಲ!"

"ಗೊತ್ತಾಗುದಿಲ್ಲ" ಎಂದೆ.

ಪುತ್ತೂರಿನವಳು ಎರಡನೇ ಸಲ ಬಂದಳು. ಶುರುವಾಗುವಾಗ ತಾವಾಗಿಯೇ ಎದ್ದು ಬರುವ ಪ್ರೋಗ್ರಾಮುಗಳು ಕೆಲವು ಇರುತ್ತವಂತೆ, ಅವುಗಳನ್ನೆಲ್ಲ ನಿಲ್ಲಿಸಿದಳು. "ಬಾಗಿಲು ತೆಗೆಯುವ ಮೊದಲೇ ನೆಂಟರೆಲ್ಲ ಒಟ್ಟಿಗೇ ನುಗ್ಗಿದರೆ ಹೇಗೆ, ಹಾಗೆ" ಎಂದು ನನಗೆ ವಿವರಿಸಿದಳು. ನಾಲ್ಕು ಸಲ ಬಂದ್ ಮಾಡಿ ಶುರುಮಾಡಿದಳು. ನಾಲ್ಕು ಸಲವೂ ಎರಡು ನಿಮಿಷದೊಳಗೆ ಎದ್ದಿತು. ಅವಳು ಹುಬ್ಬು ಗಂಟಿಕ್ಕಿ ಕೂತಳು.

"ಅಕ್ಕ, ಸಂಜೆ ಸರಿಯಾಗಿ ಶಟ್‌ಡೌನ್ ಕೊಡ್ತೀರಲ್ಲ?"

"ಕೊಡ್ತೇನೆ."

"ಅದು ಪೂರ್ತಿ ಕಪ್ಪಾಗುವ ತನಕ ಕಾಯ್ತೀರಾ?"

ನಾನು ತಲೆ ಅಲ್ಲಾಡಿಸಿದೆ. ಹೌದು ಎನ್ನುವ ಹಾಗೆ.

ಅದು ಸುಳ್ಳು, ಮಕ್ಕಳೇ. ಆ ವರ್ಷ ಏಪ್ರಿಲಿನಲ್ಲಿ ಹೆಚ್ಚುಕಡಿಮೆ ದಿನಾ ಸಂಜೆ ಐದೂವರೆ ಆರಕ್ಕೆ ಗುಡುಗು ಶುರುವಾಗುತ್ತಿತ್ತು. ಶಟ್‌ಡೌನ್ ಒತ್ತುತ್ತಿದ್ದೆ, ಅದು ನಿಜ. ಆದರೆ ಆ ವೃತ್ತ ಸಂಜೆಯೂ ತಿರುಗುತ್ತಿತ್ತು. ಕೆಳಗೆ ಇಂಗ್ಲಿಷು, ಅದರ ಮಧ್ಯೆ ಒಂದು ಅಂಕಿ. ದೂರದಲ್ಲಿ ಗುಡುಗಿದ ಕೂಡಲೇ ನನ್ನ ಕೈ ಗೋಡೆಯ ಪ್ಲಗ್ ಕೀಳುತ್ತಿತ್ತು, ಯುಪಿಎಸ್ಸಿನ ಸ್ವಿಚ್ಚನ್ನೂ ಆರಿಸುತ್ತಿತ್ತು. ಪರದೆ ಪಕ್ಕನೆ ಕಪ್ಪಾಗುತ್ತಿತ್ತು. ಅದರ ಮೇಲೆ ಬಟ್ಟೆ ಹೊದೆಸಿ ಮನೆಗೆ ಓಡುತ್ತಿದ್ದೆ. ಅದರಿಂದ ತೊಂದರೆಯಾಗುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಯಾಕೆ ಸುಳ್ಳು ಹೇಳಿದೆ? ಅದನ್ನು ನನಗೆ ನಾನೇ ಈಗಲೂ ಕೇಳುತ್ತೇನೆ.

ಅವಳು ನಂಬಿದಳು. "ಹಾಗಾದ್ರೆ ಹಾರ್ಡ್ ಡಿಸ್ಕ್ ಹೋಗ್ತಾ ಉಂಟು ಕಾಣ್ತದೆ. ಹಳತಲ್ವಾ" ಎಂದು ಅಧ್ಯಕ್ಷರಿಗೆ ಹೇಳಿ ಹೋದಳು. ಅವರು ಅವಳು ಹೋದ ಮೇಲೆ ನನ್ನ ಹತ್ತಿರ, "ಫಾರ್ಮ್ಯಾಟ್ ಸರಿ ಹೊಡೆಯಲಿಕ್ಕೆ ಬಾರದೆ ಈಗ ಡಿಸ್ಕಿನ ಮೇಲೆ ಹಾಕುದು. ಹೆಂಗಸರನ್ನು ಕಳಿಸಿದ್ರೆ ಹೀಗೇ" ಎಂದರು. ಹೇಳಿದ ಮೇಲೆ ನಾನೂ ಹೆಂಗಸು ಎಂದು ನೆನಪಾಯಿತೋ ಏನೋ, ಗಡಿಯಾರ ನೋಡಿದರು.

ಅದೇ ವಾರ ಸಣ್ಣವನಿಗೆ ಜ್ವರ ಎಂದು ನಾನು ಒಂದು ಸಂಜೆ ಸುಳ್ಯಕ್ಕೆ ಬಂದದ್ದು ನೆನಪುಂಟಾ? ಆ ಸಂಜೆಯ ಹಾಲನ್ನು ಅಧ್ಯಕ್ಷರೇ ನೋಡಿಕೊಂಡರು. ಶಟ್‌ಡೌನ್ ಒತ್ತಿ, ಬಾಗಿಲು ಹಾಕಿ, ಹೋದರು. ಪ್ಲಗ್ಗಿನ ಗೊಡವೆಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಮೊದಲ ಬಸ್ಸಿಗೆ ಬಂದು ಮುಟ್ಟುವಾಗ ಅವರೇ ಕಂಪ್ಯೂಟರು ಶುರುಮಾಡಿ ಕೂತಿದ್ದರು. ಸಾಲಿನಲ್ಲಿ ಅರ್ಧ ಜನ ಆಗಲೇ ಚೀಟಿ ಹಿಡಿದು ಹೋಗಿದ್ದರು.

"ನೋಡಿ ಅಕ್ಕ, ನನಗೆ ಒಂದೂವರೆ ನಿಮಿಷದಲ್ಲಿ ಎದ್ದಿತು. ನಿಮ್ಮ ಕೈಗೆ ಮಾತ್ರ ಯಾಕೆ ಹಠ ಮಾಡುದು ಇದು?"

ಸಾಲಿನಲ್ಲಿದ್ದ ಒಬ್ಬರು, ಯಾರೆಂದು ಬರೆಯುವುದಿಲ್ಲ, ಮೆಲ್ಲನೆ ಹೇಳಿದರು. "ಕೈಗುಣ ಅಂತ ಒಂದು ಉಂಟಲ್ಲ."

ತಮಾಷೆಗೆ ಹೇಳಿದ್ದಿರಬಹುದು. ಆದರೆ ಗಂಡ ಹೋದ ಹೆಂಗಸಿಗೆ ಆ ಮಾತು ಹೇಗೆ ತಾಗುತ್ತದೆ ಎಂದು ಹೇಳಿದವರಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ನಾನು ಕ್ಯಾನು ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋದೆ. ನಲ್ಲಿ ಜೋರಾಗಿ ಬಿಟ್ಟು ನಿಂತೆ. ಆ ದಿನ ನನಗೆ ನಿಜವಾಗಿ ಹಾಗೇ ಅನಿಸಿತು. ನಾನು ಮುಟ್ಟಿದ್ದು ನಿಲ್ಲುತ್ತದೆ. ಹಟ್ಟಿ, ದನ, ಅವರ ಕಿವಿ, ಅವರು, ಈಗ ಇದು.

ಹೊರಡುವಾಗ ಅಧ್ಯಕ್ಷರು ಹೇಳಿದರು. "ಸೋಮವಾರ ಬೆಳಿಗ್ಗೆ ಆ ಪುತ್ತೂರಿನವಳನ್ನು ಕರೆದಿದ್ದೇನೆ. ಲಾಸ್ಟ್ ಚಾನ್ಸ್. ಆಗದಿದ್ರೆ ಬೇರೆ ಅಂಗಡಿ. ಮತ್ತೆ ಅಕ್ಕ, ಬೇಜಾರು ಮಾಡ್ಬೇಡಿ, ಕಂಪ್ಯೂಟರ್ ಕಲಿತ ಒಬ್ಬರನ್ನು ಇಲ್ಲಿ ಕೂರಿಸುವ ಅಂತ ಮೀಟಿಂಗಿನಲ್ಲಿ ಮಾತು ಬಂದಿದೆ. ನಿಮಗೂ ಪ್ರಾಯ ಆಯ್ತು."

ನಾನು "ಆಯ್ತು" ಎಂದೆ. ಸೊಂಟದಲ್ಲಿದ್ದ ಬೀಗದ ಕೈಯನ್ನು ಸೆರಗಿನ ಒಳಗೆ ತಳ್ಳಿದೆ, ಆಗಲೇ ಕೇಳಿಬಿಟ್ಟಾರೋ ಎಂಬ ಹಾಗೆ.

ಕೈಗುಣದ ಮಾತು ಎರಡು ದಿನ ತಲೆಯಲ್ಲಿ ಕೂತಿತ್ತು. ಶನಿವಾರ ಮಧ್ಯಾಹ್ನ ಕ್ಯಾಲೆಂಡರಿನ ಎದುರು ನಿಂತೆ. ಪೆನ್ಸಿಲಿನ ಅಂಕಿಗಳನ್ನು ನೋಡಿದೆ. ಹನ್ನೊಂದು, ಹದಿನಾಲ್ಕು, ಒಂದು ಖಾಲಿ ಚೌಕ, ಹದಿನೆಂಟು. ಖಾಲಿ ಇದ್ದದ್ದು ಸರಿಯಾಗಿ ಎದ್ದ ದಿನ. ಅದರ ಹಿಂದಿನ ಸಂಜೆ ಏನಾಗಿತ್ತು ಎಂದು ನೆನಪು ಮಾಡಿಕೊಂಡೆ. ಗೊತ್ತಾಯಿತು, ಯಾಕೆಂದರೆ ಆ ಸಂಜೆ ನಾನು ಮೆಣಸು ಒಣಗಲು ಹಾಕಿದ್ದನ್ನು ಕತ್ತಲಾದ ಮೇಲೆ ನಿಧಾನಕ್ಕೆ ಒಳಗೆ ತಂದಿದ್ದೆ. ಗುಡುಗು ಇರಲಿಲ್ಲ. ಇನ್ನೊಂದು ಖಾಲಿ ಚೌಕ, ನಾನು ಸುಳ್ಯಕ್ಕೆ ಬಂದ ಸಂಜೆಯ ಮರುದಿನ. ಉಳಿದ ಪ್ರತಿ ಅಂಕಿಯ ಹಿಂದೆಯೂ ಒಂದು ಗುಡುಗಿತ್ತು. ಗುಡುಗಿನ ಹಿಂದೆ ನನ್ನ ಕೈ.

ಕೈಗುಣ ಅಲ್ಲ ಎಂದು ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮಾಡಿದ್ದು ನಾನೇ ಎಂದು ಗೊತ್ತಾಯಿತಲ್ಲ, ಅಲ್ಲೇ ಮೆಟ್ಟಿಲಲ್ಲಿ ಕೂತೆ. ಒಂದು ಕ್ಯಾನು ಹಾಲು ಒಡೆದದ್ದು ನನ್ನಿಂದ. ಎರಡನೇ ಸಲ ಆ ಹೆಂಗಸು ಧೂಳು ಕುಡಿದುಕೊಂಡು ಬಂದದ್ದು ನನ್ನಿಂದ. ಅವಳಿಗೆ ಕೆಲಸ ಬರುವುದಿಲ್ಲ ಎಂದು ಅಧ್ಯಕ್ಷರು ಊರಿಡೀ ಹೇಳುವುದೂ ನನ್ನಿಂದ. ಹೇಳಿದರೆ ಡಿಪೋ ಹೋಗುತ್ತದೆ. ಹೇಳದಿದ್ದರೆ ಸೋಮವಾರ ಅವಳ ಹೆಸರು ಹೋಗುತ್ತದೆ. ಮತ್ತೆ ಒಂದು ಮೂರನೇ ದಾರಿ ಕಂಡಿತು. ಅದು ಕಳ್ಳರ ದಾರಿ. ಇನ್ನು ಮುಂದೆ ಪ್ಲಗ್ ಕೀಳದೆ ಇದ್ದುಬಿಡುವುದು. ಕಂಪ್ಯೂಟರು ತಾನಾಗಿ ಸರಿಯಾಯಿತು ಎಂದು ಎಲ್ಲರೂ ತಿಳಿಯಲಿ. ನನ್ನ ಬಾಯಿ ತೆರೆಯಬೇಕಾಗಿಲ್ಲ.

ಆದರೆ ಕೀಳದೆ ಇರಲು ನನ್ನಿಂದ ಆಗುತ್ತದಾ?

ಭಾನುವಾರ ಸಂಜೆ ಹಾಲು ಬೇಗ ಮುಗಿಯಿತು. ಕೊನೆಯವರು ಹೋಗುವಾಗ ಕೊಲ್ಲಮೊಗ್ರಿನ ಕಡೆಯ ಗುಡ್ಡದ ಮೇಲೆ ಆಕಾಶ ನೀಲಿಗಟ್ಟಿತ್ತು. ನಾನು ಶಟ್‌ಡೌನ್ ಒತ್ತಿದೆ. ವೃತ್ತ ತಿರುಗಿತು. ಕೆಳಗೆ ಇಂಗ್ಲಿಷಿನ ಸಾಲು, ಮಧ್ಯದಲ್ಲಿ ಅಂಕಿ. ನಾಲ್ಕು. ಏಳು. ಹನ್ನೆರಡು. ಅದು ನೂರಕ್ಕೆ ಹೋಗಬೇಕೆಂದು ಊಹಿಸಿದೆ.

ಹದಿನೈದಕ್ಕೆ ಮೊದಲ ಗುಡುಗು. ದೂರದ್ದು, ಬಂಡೆ ಉರುಳಿದ ಹಾಗೆ. ನನ್ನ ಕೈ ಆಗಲೇ ಪ್ಲಗ್ ಹಿಡಿದಿತ್ತು. ಯಾವಾಗ ಎದ್ದೆ, ಯಾವಾಗ ಗೋಡೆಯ ಹತ್ತಿರ ಹೋದೆ, ಗೊತ್ತಿಲ್ಲ. ಬಿಟ್ಟೆ. ಬಿಟ್ಟು ಸ್ಟೂಲನ್ನು ಗೋಡೆಯಿಂದ ದೂರ ಎಳೆದೆ. ಮೂಲೆಯಲ್ಲಿದ್ದ ಮರದ ಮಣೆಯನ್ನು ತಂದು ಅದರ ಮೇಲೆ ಎರಡೂ ಕಾಲು ಇಟ್ಟು ಕೂತೆ. ಸುತ್ತ ಸಾಲಾಗಿ ಉಕ್ಕಿನ ಕ್ಯಾನುಗಳು. ಮೇಲೆ ತಗಡು. ಈ ಊರಿನಲ್ಲಿ ಸಿಡಿಲಿಗೆ ಹೇಳಿ ಮಾಡಿಸಿದ ಜಾಗ ಒಂದಿದ್ದರೆ ಅದು ಇದೇ ಎಂದು ತೋರಿತು.

ಇಪ್ಪತ್ತೆಂಟು. ಮೂವತ್ತು. ಮೂವತ್ತರಲ್ಲಿ ನಿಂತಿತು. ಹೊರಗೆ ಗಾಳಿ ಎದ್ದು ಬಾಗಿಲು ಪಟಪಟ ಬಡಿಯಿತು. ಮಿಂಚಿದಾಗ ಕ್ಯಾನುಗಳೆಲ್ಲ ಒಟ್ಟಿಗೇ ಬೆಳ್ಳಗಾದವು. ನಾನು ಲೆಕ್ಕ ಹಾಕಿದೆ, ಒಂದು, ಎರಡು, ಮೂರು, ನಾಲ್ಕು, ಗುಡುಗಿತು. ಅಂಕಿ ಮೂವತ್ತರಲ್ಲೇ. ಇನ್ನೊಂದು ಮಿಂಚು. ಒಂದು, ಎರಡು, ಮೂರು. ಬಾಯಲ್ಲಿ ದೇವರ ಹೆಸರು ಬರಲಿಲ್ಲ. "ಪ್ಲಗ್, ಪ್ಲಗ್" ಎಂಬ ಕೂಗು ಮಾತ್ರ ಕಿವಿಯಲ್ಲಿ. ನಿಮ್ಮ ಅಜ್ಜ ಜಗಲಿಯಲ್ಲಿ ನಿಂತು ನನ್ನನ್ನೇ ಬೈಯುವ ಹಾಗೆ. "ಸ್ವಲ್ಪ ತಡೀರಿ, ನಲ್ವತ್ತಾಗ್ಲಿ" ಎಂದು ನಾನು ಗಟ್ಟಿಯಾಗಿಯೇ ಹೇಳಿದೆ.

ಆಗ ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಕೂಗತೊಡಗಿತು. ಬೀಪ್, ಬೀಪ್. ಕೋಣೆಯಲ್ಲಿ ಬೆಳಕೆಂದರೆ ಆ ಪರದೆ ಒಂದೇ. ಕರೆಂಟು ಹೋದ ಮೇಲೆ ಯುಪಿಎಸ್ಸಿನಲ್ಲಿ ಅದು ಕಾಲು ಗಂಟೆ ಓಡುತ್ತದೆ ಎಂದು ಕೇಳಿದ್ದೆ. ಐವತ್ತೆರಡು. ಐವತ್ತಾರು. ಮಳೆ ತಗಡಿನ ಮೇಲೆ ಬಿದ್ದ ಸದ್ದಿಗೆ ಗುಡುಗು ಯಾವುದು, ಮಳೆ ಯಾವುದು ಎಂದು ತಿಳಿಯಲಿಲ್ಲ. ಒಂದು ಮಿಂಚಿಗೆ ಲೆಕ್ಕ ಹಾಕಲು ಬಾಯಿ ತೆರೆಯುವ ಮೊದಲೇ ಸಿಡಿಲು ಬಡಿಯಿತು. ಎಲ್ಲಿಗೋ, ಬಹಳ ಹತ್ತಿರ. ಸುಟ್ಟ ವಾಸನೆ ಬಂತು, ಅಥವಾ ಬಂತೆಂದು ಅನಿಸಿತು. ನಾನು ಕಣ್ಣು ಮುಚ್ಚಿ, ಮೊಣಕಾಲಿಗೆ ಹಣೆ ಒತ್ತಿ ಕೂತೆ. ಕಣ್ಣು ತೆರೆದಾಗ ಪರದೆಯಲ್ಲಿ ತೊಂಬತ್ತೊಂದು.

ನೂರು ಆದದ್ದನ್ನು ನಾನು ನೋಡಿದೆ. ವೃತ್ತ ಇನ್ನು ಎರಡು ಸುತ್ತು ತಿರುಗಿ, ತಾನಾಗಿ, ಮೆಲ್ಲಗೆ ಕಪ್ಪಾಯಿತು. ಒಳಗಿನ ಫ್ಯಾನಿನ ಸದ್ದೂ ನಿಂತಿತು. ಆಮೇಲೆ ಕತ್ತಲಲ್ಲಿ ತಡಕಾಡಿ ಪ್ಲಗ್ ಕಿತ್ತೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನೆಲದಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ.

ಸೋಮವಾರ ಬೆಳಿಗ್ಗೆ ಆರು ಗಂಟೆಗೇ ಅಧ್ಯಕ್ಷರ ಕಾರು, ಪುತ್ತೂರಿನವಳ ಸ್ಕೂಟರು ಎರಡೂ ಬಂದವು. ಸಾಲಿನಲ್ಲಿ ಜನ ಆಗಲೇ ಇದ್ದರು. ನಾನು ಎಲ್ಲರ ಎದುರು ಗುಂಡಿ ಒತ್ತಿದೆ. ಒಂದು ನಿಮಿಷ ನಲವತ್ತು ಸೆಕೆಂಡಿನಲ್ಲಿ ಕಂಪ್ಯೂಟರು ಎದ್ದಿತು.

ಚೇಟ್ಟ ಶಿಳ್ಳೆ ಹಾಕಿದರು. "ಓ, ಡಾಕ್ಟ್ರನ್ನು ನೋಡಿದ ಕೂಡ್ಲೇ ಜ್ವರ ಬಿಟ್ಟಿತಲ್ಲ!"

ಅಧ್ಯಕ್ಷರಿಗೆ ನಗು ಬರಲಿಲ್ಲ. "ಅದೇ ನಾನು ಹೇಳುದು. ಇವರು ಬಂದ ದಿನ ಸರಿ ಇರ್ತದೆ. ಇವರು ಹೋದ ಕೂಡ್ಲೇ ನಾಳೆಯಿಂದ ಪುನಃ ಅದೇ ರಾಗ. ಏನೋ ಅರ್ಧಂಬರ್ಧ ಮಾಡಿ ಇಟ್ಟಿದ್ದೀರಿ ನೀವು. ಬಾರದಿದ್ರೆ ಬರುದಿಲ್ಲ ಅಂತ ಹೇಳ್ಬೇಕಿತ್ತು. ಸಾಕು, ನಾನು ಬೇರೆ ಅಂಗಡಿಗೆ ಹೇಳ್ತೇನೆ."

ಅವಳ ಮುಖ ಕೆಂಪಾಯಿತು. "ಸರ್, ನಾನು ಹದಿಮೂರು ವರ್ಷದಿಂದ ಇದೇ ಕೆಲಸ ಮಾಡುದು" ಎಂದಳು. ಆಮೇಲೆ ಚೀಲದ ಜಿಪ್ ಎಳೆಯತೊಡಗಿದಳು. ಅದು ಸಿಕ್ಕಿಕೊಂಡಿತ್ತು, ಎಳೆಯುತ್ತಲೇ ಇದ್ದಳು.

ಕಳ್ಳರ ದಾರಿ ಅಲ್ಲಿ ಸರಾಗವಾಗಿ ತೆರೆದಿತ್ತು. ಸುಮ್ಮನಿದ್ದರೆ ಸಾಕಿತ್ತು.

"ವೈರ್ ಎಳೆದದ್ದು ನಾನು" ಎಂದೆ.

ಯಾರಿಗೂ ಕೇಳಿಸಲಿಲ್ಲ. ನನ್ನ ಸ್ವರ ಅಷ್ಟೇ. ಹಾಲಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ. ಎಲ್ಲರೂ ತಿರುಗಿದರು. ಪುನಃ ಹೇಳಿದೆ. ದಿನಾ ಸಂಜೆ ಗುಡುಗಿದ ಕೂಡಲೇ, ಅದು ತಿರುಗುತ್ತಿರುವಾಗಲೇ, ಪ್ಲಗ್ ಕಿತ್ತು ಯುಪಿಎಸ್ ಆರಿಸಿದ್ದು ನಾನು. ಪುತ್ತೂರಿನವರು ಕೇಳಿದಾಗ ಕಾಯುತ್ತೇನೆ ಎಂದು ಸುಳ್ಳು ಹೇಳಿದ್ದೂ ನಾನು. ನಿನ್ನೆ ಒಂದು ದಿನ ಕಾದೆ, ಇವತ್ತು ಎದ್ದಿತು. ಅವರದ್ದು ತಪ್ಪಿಲ್ಲ.

ಪುತ್ತೂರಿನವಳು ಚೀಲ ಬಿಟ್ಟು ಬಂದು ಕೂತಳು. ಪರದೆಯಲ್ಲಿ ಏನೋ ತೆರೆದಳು. ಉದ್ದದ ಒಂದು ಪಟ್ಟಿ. ಬೆರಳಿಟ್ಟು ಓದಿದಳು. "ಐದು ಐವತ್ತು. ಆರು ಐದು. ಐದು ನಲ್ವತ್ತು. ನೋಡಿ ಸರ್, ಹಠಾತ್ ಆಫ್ ಆದದ್ದೆಲ್ಲ ಬರೆದುಂಟು. ಛೆ, ಇದನ್ನು ಮೊದ್ಲೇ ನೋಡ್ಬೇಕಿತ್ತು ನಾನು. ಹೊಸದಾಗಿ ಹಾಕಿದ ಮೇಲೆ ಒಂದರ ಹಿಂದೆ ಒಂದು ಅಪ್‌ಡೇಟ್ ಬರ್ತದೆ. ಬಂದ್ ಮಾಡುವಾಗ ಅದು ಒಳಗೆ ಕೂತ್ಕೊಳ್ಳುದು. ಅರ್ಧದಲ್ಲಿ ಕಿತ್ತರೆ, ಬೆಳಿಗ್ಗೆ ಎದ್ದು ಆ ಅರ್ಧವನ್ನು ಪುನಃ ಬಿಚ್ಚಬೇಕು. ಬಿಚ್ಚಿ ಆಗುವಾಗ ಸಂಜೆ, ಪುನಃ ಹಾಕ್ತದೆ, ಪುನಃ ಅಕ್ಕ ಕೀಳ್ತಾರೆ."

"ಅದು ಪಾಪ ಎಷ್ಟು ಸಲ ಉಟ್ಟು ಬಿಚ್ಚುದು ಮಾರಾಯ್ರೆ" ಎಂದರು ಚೇಟ್ಟ.

ಸಾಲು ನಕ್ಕಿತು. ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. "ಅಲ್ಲಿ ಬರೆದಿರ್ತದಲ್ಲ ಅಕ್ಕ, ಆಫ್ ಮಾಡ್ಬೇಡಿ ಅಂತ? ಓದ್ಲಿಲ್ವಾ?"

ಒಂದು ತಿಂಗಳು ಆ ಇಂಗ್ಲಿಷಿನ ಸಾಲು ನನಗೆ ಅದನ್ನೇ ಹೇಳುತ್ತಿತ್ತು. ಅದು ಏನು ಎಂದು ಯಾರನ್ನಾದರೂ ಕೇಳಲು ನನಗೆ ನಾಚಿಕೆ. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು, ಸಾಲಿನವರಿಗೂ ಆಗಿರಬೇಕು. ನಾನು ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟೆ. ಅದು ತಾಗಿದ ಸದ್ದು ಈಗಲೂ ಕೇಳುತ್ತದೆ.

ಮೊದಲು ಮಾತಾಡಿದ್ದು ಚೇಟ್ಟ. "ಅಧ್ಯಕ್ಷರೇ, ಚೇಚಿ ಪ್ಲಗ್ ಕಿತ್ತದ್ದು ತಪ್ಪೇ. ನನ್ನ ಹಾಲೂ ಒಡೆದಿದೆ, ಬಿಡಿ. ಆದ್ರೆ ಅವರ ಹಟ್ಟಿಗೆ ಬಡಿದ ಸಿಡಿಲು ನಾವು ನೋಡಿದ್ದೇವೆ. ನಿನ್ನೆಯ ಆ ಸಿಡಿಲಿಗೆ ನಾನು ಮಂಚದ ಕೆಳಗೆ ಇದ್ದೆ. ಇವರು ಇಲ್ಲಿ ಕೂತಿದ್ರಂತೆ."

ಅಧ್ಯಕ್ಷರು ಪುತ್ತೂರಿನವಳ ಕಡೆ ತಿರುಗಿ, ಅವಳ ಮುಖ ನೋಡದೆ, "ನಾನು ಸ್ವಲ್ಪ ಜಾಸ್ತಿ ಮಾತಾಡಿದೆ" ಎಂದರು. ಆಮೇಲೆ ಬೀಗದ ಕೈಯನ್ನು ಒಂದು ಬೆರಳಿನಿಂದ ನನ್ನ ಕಡೆಗೆ ತಳ್ಳಿದರು. "ನಾಳೆ ಬೆಳಿಗ್ಗೆ ಐದೂಮುಕ್ಕಾಲಿಗೆ ತೆಗೆಯಬೇಕು. ಯಾವಾಗಿನ ಹಾಗೆ. ಈಗ ಹಾಲು ನೋಡಿ, ವ್ಯಾನು ಬರ್ತದೆ."

ಪುತ್ತೂರಿನವಳು ಹೋಗುವ ಮೊದಲು ಎರಡು ಕೆಲಸ ಮಾಡಿದಳು. ಅಪ್‌ಡೇಟ್ ಏನಿದ್ದರೂ ಬೆಳಿಗ್ಗೆ ಹತ್ತು ಗಂಟೆಯ ಮೇಲೆ, ಆಕಾಶ ತಿಳಿಯಾಗಿರುವಾಗ, ಮಾಡಿಸಿ ಎಂದು ಹೇಳಿ, ಹೇಗೆ ಮಾಡಿಸುವುದೆಂದು ತೋರಿಸಿಕೊಟ್ಟಳು. ಇನ್ನೊಂದು, ನಾನು ಕೇಳದೆಯೇ, ಪರದೆಯ ಅಕ್ಷರಗಳನ್ನು ಕನ್ನಡಕ್ಕೆ ತಿರುಗಿಸಿದಳು. ಮಜ್ಜಿಗೆ ಬೇಡ ಎಂದಳು. ಅವಳಿಗೆ ಸಿಟ್ಟಿತ್ತು. ಇರಬೇಕಾದದ್ದೇ.

ಆದರೂ ಕೆಲವು ದಿನ ಸಂಜೆಯೇ ಆ ವೃತ್ತ ತಿರುಗುತ್ತದೆ, ಆಗಲೇ ಮೂಡಣದಲ್ಲಿ ಗುಡುಗುತ್ತದೆ. ನನ್ನ ಕೈ ಈಗಲೂ ತಾನಾಗಿ ಗೋಡೆಯ ಕಡೆ ಹೋಗುತ್ತದೆ. ಅದಕ್ಕೇ ಎರಡೂ ಕೈ ಕಟ್ಟಿ, ಕಾಲನ್ನು ಮಣೆಯ ಮೇಲೆ ಇಟ್ಟು ಕೂರುತ್ತೇನೆ. ಅದು ಮಗುವನ್ನು ಮಲಗಿಸುವುದಲ್ಲ. ನಿಮ್ಮ ಅಜ್ಜಿ ಹೆದರಿಕೊಂಡು ಕೂತಿರುವುದು.